ಇಸ್ತಾಂಬುಲ್‌ನ ಗಡಿಯಾರ: ಸೂರ್ಯಾಸ್ತದಿಂದ ನಡುರಾತ್ರಿಗೆ

ಕಾಲವನ್ನು ಅಳೆಯುವುದು ವಿಜ್ಞಾನದ ಕೆಲಸ. ಆದರೆ ದಿನ ಎಲ್ಲಿಂದ ಆರಂಭವಾಗಬೇಕು, ಅಂಗಡಿ ಯಾವ ವಾರ ಮುಚ್ಚಬೇಕು, ಮಗು ಎಷ್ಟು ಹೊತ್ತಿಗೆ ಶಾಲೆಗೆ ಹೊರಡಬೇಕು ಎಂಬುದನ್ನು ತೀರ್ಮಾನಿಸುವುದು ಸರಕಾರ ಮತ್ತು ಮಾರುಕಟ್ಟೆ. ಗಡಿಯಾರದ ಮುಳ್ಳಿನ ಹಿಂದೆ ಯಾವಾಗಲೂ ಯಾರದೋ ಕೈ ಇರುತ್ತದೆ. ಕಳೆದ ಒಂದೂವರೆ ಶತಮಾನದಲ್ಲಿ ಈ ಕೈ ಹಲವು ಬಾರಿ ಬದಲಾದ ನಗರವೊಂದಿದೆ. ಅದು ಇಸ್ತಾಂಬುಲ್.

ಯುರೋಪಿನ ಅತಿ ದೊಡ್ಡ ನಗರಗಳ ಸಾಲಿನಲ್ಲಿ ನಿಲ್ಲುವ ಇಸ್ತಾಂಬುಲನ್ನು ಬಾಸ್ಫರಸ್ ಜಲಸಂಧಿ ಎರಡಾಗಿ ಸೀಳಿದೆ. ಹಳೆಯ ಪೇಟೆ ಯುರೋಪಿನ ದಡದಲ್ಲಿದ್ದರೆ ಎದುರಿನ ಉಸ್ಕುದಾರ್ ಏಷ್ಯಾದಲ್ಲಿದೆ. ಖಂಡಗಳು ಎರಡಾದರೂ ಇಂದು ಗಡಿಯಾರ ಒಂದೇ. ಗ್ರೀನಿಚ್ ಸಮಯಕ್ಕಿಂತ ಮೂರು ಗಂಟೆ ಮುಂದೆ, ನಮ್ಮ ಭಾರತೀಯ ಸಮಯಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಹನ್ನೊಂದೂವರೆಯಾದಾಗ ಅಲ್ಲಿ ಕಚೇರಿಗಳು ಒಂಬತ್ತಕ್ಕೆ ಬಾಗಿಲು ತೆರೆಯುತ್ತಿರುತ್ತವೆ. ಇಷ್ಟು ಸರಳವಾಗಿ ಹೇಳಿ ಮುಗಿಸಬಹುದಾದ ಈ ಲೆಕ್ಕದ ಹಿಂದೆ ಒಂದು ದೀರ್ಘ ಕಥೆಯಿದೆ.

ಮಗ್ರಿಬ್‌ಗೆ ಹನ್ನೆರಡು ಗಂಟೆ

ಉಸ್ಮಾನಿಯಾ ಆಡಳಿತದ ಇಸ್ತಾಂಬುಲ್‌ನಲ್ಲಿ ದಿನ ಆರಂಭವಾಗುತ್ತಿದ್ದುದು ನಡುರಾತ್ರಿಯಲ್ಲಲ್ಲ, ಸೂರ್ಯಾಸ್ತಕ್ಕೆ. ಸೂರ್ಯ ಮುಳುಗಿದ ಕ್ಷಣವೇ ಹನ್ನೆರಡು ಗಂಟೆ. ಅಲ್ಲಿಂದ ಮುಂದೆ ಒಂದು, ಎರಡು ಎಂದು ಎಣಿಸುತ್ತಾ ಹನ್ನೆರಡು ಗಂಟೆಗಳ ಎರಡು ಸುತ್ತು ಮುಗಿದರೆ ಮರುದಿನದ ಮಗ್ರಿಬ್. ಈ ಕಲ್ಪನೆ ನಮಗೂ ಹೊಸದಲ್ಲ. ಗುರುವಾರ ಸಂಜೆ ಮಗ್ರಿಬ್ ಆದ ಮೇಲೆ ಬರುವ ರಾತ್ರಿಯನ್ನು ಶುಕ್ರವಾರದ ರಾತ್ರಿಯೆಂದೇ ನಮ್ಮ ಮನೆಗಳಲ್ಲಿ ಪರಿಗಣಿಸುತ್ತಾರೆ. ರಮಝಾನಿನ ಚಂದ್ರ ಕಂಡ ಸಂಜೆಯೇ ಹೊಸ ತಿಂಗಳು ಆರಂಭವಾಗುತ್ತದೆ. ಇದೇ ನಾಡಿನ ಪಂಚಾಂಗವಾದರೋ ದಿನವನ್ನು ಸೂರ್ಯೋದಯದಿಂದ ಎಣಿಸುತ್ತದೆ. ಒಂದೇ ಬೀದಿಯ ಎರಡು ಮನೆಗಳು ದಿನದ ಆರಂಭವನ್ನು ಬೇರೆ ಬೇರೆಯಾಗಿ ಎಣಿಸುತ್ತಾ ಸೌಹಾರ್ದದಿಂದ ಬದುಕಬಲ್ಲವು ಎಂಬುದಕ್ಕೆ ನಮ್ಮ ಊರುಗಳೇ ಸಾಕ್ಷಿ.

ಆದರೆ ಯಾಂತ್ರಿಕ ಗಡಿಯಾರಕ್ಕೆ ಈ ಪದ್ಧತಿ ಒಂದು ಸವಾಲಾಗಿತ್ತು. ಸೂರ್ಯ ಮುಳುಗುವ ಹೊತ್ತು ನಿತ್ಯವೂ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಇಸ್ತಾಂಬುಲ್‌ನಲ್ಲಿ ಚಳಿಗಾಲದ ಸೂರ್ಯಾಸ್ತಕ್ಕೂ ಬೇಸಿಗೆಯ ಸೂರ್ಯಾಸ್ತಕ್ಕೂ ಸುಮಾರು ಮೂರು ಗಂಟೆಗಳ ಅಂತರವಿದೆ. ಆದ್ದರಿಂದ ಗಡಿಯಾರವನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತಿತ್ತು. ಈ ಲೆಕ್ಕದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ಹೊತ್ತು ಡಿಸೆಂಬರಿನಲ್ಲಿ ಸುಮಾರು ಏಳೂವರೆ ಗಂಟೆ, ಜೂನ್‌ನಲ್ಲಿ ಸುಮಾರು ನಾಲ್ಕೂವರೆ ಗಂಟೆ! ಯುರೋಪಿನಿಂದ ಬಂದ ಪ್ರಯಾಣಿಕರಿಗೆ ಇದೊಂದು ಒಗಟಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಊರಿನವರಿಗೆ ಅದು ಅತ್ಯಂತ ಉಪಯುಕ್ತವಾದ ಲೆಕ್ಕ. ಕತ್ತಲಾಗಲು ಇನ್ನೆಷ್ಟು ಹೊತ್ತಿದೆ, ಅಂಗಡಿ ಮುಚ್ಚಲು, ದೋಣಿ ಹಿಡಿದು ಮನೆ ಸೇರಲು ಎಷ್ಟು ಸಮಯ ಉಳಿದಿದೆ ಎಂಬುದನ್ನು ಗಡಿಯಾರ ನೇರವಾಗಿ ಹೇಳುತ್ತಿತ್ತು. ಬೀದಿಗೆ ದೀಪವಿಲ್ಲದ ಕಾಲದಲ್ಲಿ ಜನರಿಗೆ ತಿಳಿಯಬೇಕಾಗಿದ್ದುದು ಅದೇ ತಾನೆ?

ಈ ವ್ಯವಸ್ಥೆಯನ್ನು ಹಿಂದುಳಿದದ್ದು ಎಂದು ತಳ್ಳಿಹಾಕುವವರು ಮುವಕ್ಕಿತ್‌ಖಾನೆಗಳನ್ನು ಮರೆಯುತ್ತಾರೆ. ದೊಡ್ಡ ಮಸೀದಿಗಳ ಆವರಣದಲ್ಲಿ, ಬೀದಿಗೆ ಕಿಟಕಿ ತೆರೆದ ಒಂದು ಕೋಣೆ. ಅದರೊಳಗೆ ಖಗೋಳಶಾಸ್ತ್ರ ಬಲ್ಲ ಮುವಕ್ಕಿತ್ ಎಂಬ ಅಧಿಕಾರಿ. ಉಪಕರಣಗಳಿಂದ ಸೂರ್ಯನ ಎತ್ತರವನ್ನು ಅಳೆದು ನಮಾಝಿನ ವೇಳೆಯನ್ನು ನಿರ್ಧರಿಸುವುದು ಅವನ ಕೆಲಸ. ಬೀದಿಯಲ್ಲಿ ಹೋಗುವ ಯಾರೇ ಆಗಲಿ ಕಿಟಕಿಯ ಬಳಿ ನಿಂತು ತಮ್ಮ ಗಡಿಯಾರವನ್ನು ಸರಿಪಡಿಸಿಕೊಳ್ಳಬಹುದಿತ್ತು. ಇದೇ ನಗರದಲ್ಲಿ 16ನೇ ಶತಮಾನದಲ್ಲಿ ತಕೀಯುದ್ದೀನ್ ಎಂಬ ವಿದ್ವಾಂಸ ಯಾಂತ್ರಿಕ ಗಡಿಯಾರಗಳ ಕುರಿತು ಗ್ರಂಥ ಬರೆದಿದ್ದ. ಅವನ ವೀಕ್ಷಣಾಲಯವನ್ನು 1580ರಲ್ಲಿ ಸುಲ್ತಾನನ ಆಜ್ಞೆಯಂತೆ ಕೆಡವಲಾಯಿತೆಂಬ ವಿಷಾದದ ಸಂಗತಿಯನ್ನೂ ನಾವು ಮುಚ್ಚಿಡಬೇಕಾಗಿಲ್ಲ. ಗಡಿಯಾರ ಈ ನಗರಕ್ಕೆ ಅಪರಿಚಿತ ವಸ್ತುವೇನೂ ಆಗಿರಲಿಲ್ಲ. ಲಂಡನ್ನಿನ ಕುಶಲಕರ್ಮಿಗಳು ಉಸ್ಮಾನಿಯಾ ಮಾರುಕಟ್ಟೆಗೆಂದೇ ಅರಬಿ ಲಿಪಿಯ ಅಂಕಿಗಳಿರುವ ಜೇಬುಗಡಿಯಾರಗಳನ್ನು ತಯಾರಿಸಿ ಕಳುಹಿಸುತ್ತಿದ್ದರು. ಚಿಂತಕ ರೂಸೋನ ತಂದೆ ಐಸಾಕ್ ರೂಸೋ 18ನೇ ಶತಮಾನದ ಆರಂಭದಲ್ಲಿ ಜಿನೀವಾದಿಂದ ಬಂದು ಇಲ್ಲಿ ಕೆಲವು ವರ್ಷ ಗಡಿಯಾರದ ಕೆಲಸ ಮಾಡಿದ್ದ.

ಒಂದು ನಗರ, ಎರಡು ಗಂಟೆ

19ನೇ ಶತಮಾನದಲ್ಲಿ ತಂತಿ ಬಂತು, ರೈಲು ಬಂತು, ವಿದೇಶಿ ಬ್ಯಾಂಕುಗಳು ಬಂದವು. ಇವುಗಳ ಜೊತೆಗೆ ನಡುರಾತ್ರಿಯಿಂದ ಎಣಿಸುವ ಯುರೋಪಿನ ಗಂಟೆಯೂ ಬಂತು. ಜನರು ತಮ್ಮ ಹಳೆಯ ಲೆಕ್ಕವನ್ನು 'ಅಲಾತುರ್ಕಾ' ಎಂದೂ ಹೊಸದನ್ನು 'ಅಲಾಫ್ರಾಂಗಾ' ಎಂದೂ ಕರೆದರು. ಎರಡೂ ಅಕ್ಕಪಕ್ಕದಲ್ಲೇ ನಡೆದವು. 1851ರಲ್ಲಿ ಸ್ಥಾಪನೆಯಾದ ಶಿರ್ಕೆತೆ ಹೈರಿಯೆ ಕಂಪೆನಿಯ ಹಬೆದೋಣಿಗಳು ಬಾಸ್ಫರಸ್‌ನಲ್ಲಿ ಅಲಾತುರ್ಕಾ ವೇಳಾಪಟ್ಟಿಯಂತೆ ಓಡಾಡಿದರೆ, ಯುರೋಪಿಗೆ ಹೋಗುವ ರೈಲಿಗೆ ಅಲಾಫ್ರಾಂಗಾ ಗಂಟೆ ಬೇಕಾಗಿತ್ತು. ಎರಡೂ ಲೆಕ್ಕ ಗೊತ್ತಿಲ್ಲದವನಿಗೆ ದೋಣಿಯೋ ರೈಲೋ ತಪ್ಪುವ ಭಯ.

1884ರಲ್ಲಿ ಜಗತ್ತಿನ ಮೂಲ ರೇಖಾಂಶವನ್ನು ತೀರ್ಮಾನಿಸಲು ವಾಷಿಂಗ್ಟನ್‌ನಲ್ಲಿ ಸಮ್ಮೇಳನ ಸೇರಿದಾಗ ಉಸ್ಮಾನಿಯಾ ಪ್ರತಿನಿಧಿ ರುಸ್ತುಂ ಎಫೆಂದಿ ಈ ಇಬ್ಬಗೆಯನ್ನು ಮುಚ್ಚಿಡದೆ ಸಭೆಯ ಮುಂದಿಟ್ಟರು. ತಮ್ಮ ದೇಶದ ಬಹುಸಂಖ್ಯಾತರು ಹೊಲದಲ್ಲಿ ದುಡಿಯುವವರು, ಅವರಿಗೆ ಸೂರ್ಯಾಸ್ತದ ಲೆಕ್ಕವೇ ಅನುಕೂಲ, ನಮಾಝಿನ ವೇಳೆಯೂ ಅದರಂತೆಯೇ ನಡೆಯುತ್ತದೆ ಎಂದು ಅವರು ವಿವರಿಸಿದರು. ಇಲ್ಲಿ ಗಮನಿಸಬೇಕಾದ ಅಂಶವಿದೆ. ಅವರು ಮೊದಲು ಎತ್ತಿದ ಮಾತು ಧರ್ಮದ್ದಲ್ಲ, ರೈತನ ದುಡಿಮೆಯದ್ದು.

ಸುಲ್ತಾನ್ ಎರಡನೇ ಅಬ್ದುಲ್ ಹಮೀದರ ಕಾಲದಲ್ಲಿ ಗಡಿಯಾರ ಗೋಪುರಗಳೆದ್ದವು. ಇಸ್ತಾಂಬುಲ್‌ನ ದೊಲ್ಮಾಬಾಚೆ ಅರಮನೆಯ ಎದುರಿನ ಗೋಪುರ ಪೂರ್ಣಗೊಂಡದ್ದು 1895ರಲ್ಲಿ. ಅದನ್ನು ವಿನ್ಯಾಸಗೊಳಿಸಿದವರು ಅರ್ಮೇನಿಯನ್ ಕ್ರೈಸ್ತರಾದ ಸಾರ್ಕಿಸ್ ಬಾಲ್ಯಾನ್. ಗಡಿಯಾರ ಫ್ರಾನ್ಸಿನದ್ದು. 1901ರಲ್ಲಿ ಸುಲ್ತಾನರು ಪಟ್ಟವೇರಿ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಸಾಮ್ರಾಜ್ಯದ ಅನೇಕ ಪಟ್ಟಣಗಳಲ್ಲಿ ಇಂಥ ಗೋಪುರಗಳನ್ನು ಕಟ್ಟಲಾಯಿತು. ಅಲ್ಲಿಯವರೆಗೆ ಮಸೀದಿಯ ಕಿಟಕಿಯಲ್ಲಿದ್ದ ಗಂಟೆ ಈಗ ಸರಕಾರದ ಗೋಪುರವನ್ನೇರಿತು.

ವಾರದ ರಜೆಯ ವಿಷಯದಲ್ಲೂ ನಗರಕ್ಕೆ ಒಂದೇ ನಿಯಮವಿರಲಿಲ್ಲ. ಮುಸ್ಲಿಮರಿಗೆ ಶುಕ್ರವಾರ, ಯಹೂದಿಗಳಿಗೆ ಶನಿವಾರ, ಕ್ರೈಸ್ತರಿಗೆ ಭಾನುವಾರ. ಒಂದೇ ಪೇಟೆಯಲ್ಲಿ ಒಬ್ಬನ ಅಂಗಡಿ ಮುಚ್ಚಿದ ದಿನ ಇನ್ನೊಬ್ಬನದು ತೆರೆದಿರುತ್ತಿತ್ತು. ವ್ಯಾಪಾರಕ್ಕೆ ಇದರಿಂದ ತೊಡಕಿತ್ತು ನಿಜ. ಆದರೆ ಯಾರೂ ಇನ್ನೊಬ್ಬರ ಪವಿತ್ರ ದಿನದಂದು ರಜೆ ಮಾಡಬೇಕಾಗಿರಲಿಲ್ಲ.

ಕಾನೂನಿನ ಗಂಟೆ

ಗಣರಾಜ್ಯ ಬಂದ ಮೇಲೆ ಈ ಬಹುತ್ವಕ್ಕೆ ತೆರೆ ಬಿತ್ತು. 1924ರ ಜನವರಿಯ ಕಾನೂನು ಹತ್ತು ಸಾವಿರಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಿಗೆಲ್ಲ ಶುಕ್ರವಾರದ ವಾರದ ರಜೆಯನ್ನು ಕಡ್ಡಾಯಗೊಳಿಸಿತು. ಅಂದರೆ ಯಹೂದಿ ಮತ್ತು ಕ್ರೈಸ್ತ ವರ್ತಕರೂ ಶುಕ್ರವಾರ ಅಂಗಡಿ ಮುಚ್ಚಬೇಕಾಯಿತು. 1925ರ ಡಿಸೆಂಬರ್ 26ರಂದು ಎರಡು ಕಾನೂನುಗಳು ಒಟ್ಟಿಗೆ ಅಂಗೀಕಾರವಾದವು. ಒಂದು, 1926ರ ಜನವರಿ 1ರಿಂದ ಕ್ರಿಸ್ತಶಕದ ಕ್ಯಾಲೆಂಡರ್. ಇನ್ನೊಂದು, ದಿನದ ಆರಂಭ ನಡುರಾತ್ರಿಗೆ, ಗಂಟೆಯ ಎಣಿಕೆ ಸೊನ್ನೆಯಿಂದ ಇಪ್ಪತ್ತನಾಲ್ಕರವರೆಗೆ, ಆಧಾರ ಗ್ರೀನಿಚ್‌ನಿಂದ ಪೂರ್ವಕ್ಕೆ 30ನೇ ರೇಖಾಂಶ. ಅಲಾತುರ್ಕಾ ಗಂಟೆ ಅಲ್ಲಿಗೆ ಕಾನೂನಿನ ಹೊರಗಾಯಿತು.

ನಂತರ 1935ರಲ್ಲಿ ವಾರದ ರಜೆಯೂ ಶುಕ್ರವಾರದಿಂದ ಭಾನುವಾರಕ್ಕೆ ಹೋಯಿತು. ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಆರಂಭವಾಗಿ ಕನಿಷ್ಠ 35 ಗಂಟೆಗಳ ಬಿಡುವು ಎಂದು ಕಾನೂನು ಹೇಳಿತು. ಯುರೋಪಿನ ಮಾರುಕಟ್ಟೆಗಳು ಭಾನುವಾರ ಮುಚ್ಚಿರುವಾಗ ತುರ್ಕಿ ಶುಕ್ರವಾರ ಮುಚ್ಚಿದರೆ ವಾರದಲ್ಲಿ ಎರಡು ದಿನದ ವ್ಯವಹಾರ ನಷ್ಟ ಎಂಬುದು ಇದರ ಹಿಂದಿನ ವಾದ. ಈ ವಾದ ಇಂದಿಗೂ ಜೀವಂತವಾಗಿದೆ. ದುಬೈಯಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. 2022ರಲ್ಲಿ ಯುಎಇ ಸರಕಾರ ಶುಕ್ರವಾರ-ಶನಿವಾರದ ರಜೆಯನ್ನು ಬಿಟ್ಟು ಶನಿವಾರ-ಭಾನುವಾರವನ್ನು ಆರಿಸಿಕೊಂಡಿತು, ಶುಕ್ರವಾರಕ್ಕೆ ಅರ್ಧ ದಿನ ಉಳಿಸಿತು.

ಈ ಬದಲಾವಣೆಗಳ ನೋವು ಸಾಹಿತ್ಯದಲ್ಲಿ ದಾಖಲಾಗಿದೆ. ಕವಿ ಅಹ್ಮದ್ ಹಾಶಿಂ 1921ರಲ್ಲೇ 'ಮುಸ್ಲಿಂ ಗಂಟೆ' ಎಂಬ ಪ್ರಬಂಧದಲ್ಲಿ ಕೈಬಿಟ್ಟುಹೋಗುತ್ತಿದ್ದ ಹಳೆಯ ದಿನಕ್ಕಾಗಿ ಮರುಗಿದ್ದರು. ಅಹ್ಮದ್ ಹಮ್ದಿ ತಾನ್‌ಪಿನಾರ್‌ರ ಕಾದಂಬರಿ 1961ರಲ್ಲಿ ಪುಸ್ತಕವಾಗಿ ಬಂತು. ದೇಶದ ಗಡಿಯಾರಗಳನ್ನೆಲ್ಲ ಸರಿಪಡಿಸಲು ಹುಟ್ಟಿಕೊಂಡ ಸಂಸ್ಥೆಯೊಂದು ತಪ್ಪು ಗಂಟೆ ತೋರಿಸುವವರಿಗೆ ದಂಡ ಹಾಕುವ ಕಥೆ ಅದು. ಮೊದಲನೆಯವರು ಕಣ್ಣೀರು ಹಾಕಿದ ಕಡೆ ಎರಡನೆಯವರು ನಗುತ್ತಾರೆ. ಕಳಕೊಂಡದ್ದು ಏನೋ ಇದೆ ಎಂಬುದನ್ನು ಇಬ್ಬರೂ ಬಲ್ಲರು.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. 1926ರ ಗಂಟೆ ಸೂರ್ಯನಿಂದ ದೂರ ಹೋಗಿರಲಿಲ್ಲ. ಇಸ್ತಾಂಬುಲ್ ಇರುವುದು ಸುಮಾರು 29ನೇ ರೇಖಾಂಶದಲ್ಲಿ. ಕಾನೂನು ಆರಿಸಿದ 30ನೇ ರೇಖಾಂಶ ಹಾದುಹೋಗುವುದು ಪಕ್ಕದ ಇಝ್ಮಿತ್ ಪಟ್ಟಣದ ಬಳಿ. ಹಾಗಾಗಿ ಗಡಿಯಾರದಲ್ಲಿ ಹನ್ನೆರಡಾದಾಗ ಸೂರ್ಯನೂ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಿದ್ದ. ಎಣಿಕೆ ಬದಲಾಯಿತೇ ಹೊರತು ಬೆಳಕು ಬದಲಾಗಲಿಲ್ಲ.

ಕತ್ತಲಲ್ಲಿ ಬೆಳಗು

ಬೆಳಕಿನ ಲೆಕ್ಕ ತಪ್ಪಿದ್ದು ಇತ್ತೀಚೆಗೆ. ಯುರೋಪಿನ ಹಲವು ದೇಶಗಳಂತೆ ತುರ್ಕಿಯೂ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ಹಿಂದಿಡುವ ಪದ್ಧತಿಯನ್ನು ಅನುಸರಿಸುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಸರಕಾರ ಬೇಸಿಗೆಯ ಗಂಟೆಯನ್ನೇ ವರ್ಷವಿಡೀ ಉಳಿಸಿಕೊಳ್ಳುವ ತೀರ್ಮಾನ ಮಾಡಿತು. ಹಗಲಿನ ಬೆಳಕಿನ ಸದ್ಬಳಕೆ ಮತ್ತು ವಿದ್ಯುತ್ ಉಳಿತಾಯ ಅದು ಕೊಟ್ಟ ಕಾರಣ. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2018ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಈ ಪದ್ಧತಿಯನ್ನೇ ಗಟ್ಟಿ ಮಾಡಲಾಯಿತು.

ಹೊಸ ಗಂಟೆಗೆ ಆಧಾರವಾದ 45ನೇ ರೇಖಾಂಶ ತುರ್ಕಿಯ ಪೂರ್ವದ ತುತ್ತತುದಿಯ ಬಳಿ ಹೋಗುತ್ತದೆ. ಪಶ್ಚಿಮದ ಇಸ್ತಾಂಬುಲ್‌ಗೆ ಅದು ಪರರ ಸೂರ್ಯ. ಜನವರಿಯ ಆರಂಭದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಹೊತ್ತಿಗೆ. ಒಂಬತ್ತಕ್ಕೆ ಕಚೇರಿ ಸೇರುವ ಅಧಿಕಾರಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ಕಚೇರಿಯನ್ನು ಗುಡಿಸಲು ಎರಡು ಗಂಟೆ ಮೊದಲೇ ಹೊರಡುವ ಹೆಂಗಸಿಗೆ? ಬೇಕರಿಯ ಕೆಲಸಗಾರನಿಗೆ? ಬೆಳಗಿನ ಪಾಳಿಯ ಶಾಲೆಗೆ ನಡೆದುಹೋಗುವ ಮಗುವಿಗೆ? ಅವರೆಲ್ಲ ರಾತ್ರಿಯ ಕತ್ತಲಲ್ಲೇ ಬೀದಿಗಿಳಿಯಬೇಕು. ಸಂಜೆಯಾದರೆ ಬೆಳಕು ಒಂದು ಗಂಟೆ ಹೆಚ್ಚು ಇರುತ್ತದೆ ನಿಜ. ಪೇಟೆಗೆ, ಅಂಗಡಿಗೆ ಅದರಿಂದ ಲಾಭವೂ ಉಂಟು. ಲಾಭ ಒಬ್ಬರಿಗೆ, ಕತ್ತಲು ಇನ್ನೊಬ್ಬರಿಗೆ ಎಂಬುದೇ ಇಲ್ಲಿಯ ಸಮಸ್ಯೆ.

ವ್ಯವಹಾರದ ದೃಷ್ಟಿಯಿಂದ ಇನ್ನೊಂದು ವಿಚಿತ್ರ ನೋಡಿ. ಯುರೋಪಿನ ಮಾರುಕಟ್ಟೆಗೆ ಹತ್ತಿರವಾಗಲೆಂದು 1935ರಲ್ಲಿ ಶುಕ್ರವಾರವನ್ನು ಬಿಟ್ಟುಕೊಟ್ಟ ನಗರ ಈಗ ಗಂಟೆಯಲ್ಲಿ ಅದೇ ಯುರೋಪಿನಿಂದ ದೂರ ಸರಿದಿದೆ. ಚಳಿಗಾಲದಲ್ಲಿ ಬರ್ಲಿನ್‌ಗೂ ಇಸ್ತಾಂಬುಲ್‌ಗೂ ಎರಡು ಗಂಟೆಗಳ ಅಂತರ, ಲಂಡನ್ನಿಗೆ ಮೂರು ಗಂಟೆ. ಬೇಸಿಗೆಯಲ್ಲಿ ಇದು ಕ್ರಮವಾಗಿ ಒಂದು ಮತ್ತು ಎರಡು. ಮಾಸ್ಕೋ ಮತ್ತು ರಿಯಾದ್‌ಗಳಿಗೆ ಮಾತ್ರ ವರ್ಷವಿಡೀ ಅದೇ ಗಂಟೆ. ನಮ್ಮ ವರ್ತಕರಿಗೆ ಒಂದು ಅನುಕೂಲವಾಗಿದೆ. ಎರಡೂವರೆ ಗಂಟೆಯ ಅಂತರ ಈಗ ಋತುವಿಗೆ ತಕ್ಕಂತೆ ಬದಲಾಗುವುದಿಲ್ಲ. ಬೆಂಗಳೂರಿನ ಹನ್ನೊಂದೂವರೆಯಿಂದ ಸಂಜೆ ಆರರವರೆಗೆ ಎರಡೂ ಕಡೆಯ ಕಚೇರಿಗಳು ತೆರೆದಿರುತ್ತವೆ, ಅಲ್ಲಿಯ ಊಟದ ಬಿಡುವೊಂದನ್ನು ಬಿಟ್ಟು.

ಉಳಿದುಕೊಂಡ ಹಳೆಯ ಗಂಟೆ

ಕಾನೂನು ಬದಲಾದ ಮಾತ್ರಕ್ಕೆ ಬದುಕು ಪೂರ್ತಿ ಬದಲಾಗುವುದಿಲ್ಲ. ಸುಲ್ತಾನರ ಕಾಲದ ಕಪಾಲಿ ಚಾರ್ಶಿ, ಅಂದರೆ ಮುಚ್ಚುಚಾವಣಿಯ ದೊಡ್ಡ ಬಝಾರ್, ಭಾನುವಾರ ಬಾಗಿಲು ಹಾಕುತ್ತದೆ; ಶುಕ್ರವಾರ ವ್ಯಾಪಾರ ಮಾಡುತ್ತದೆ. ಆದರೆ ಜುಮಾದ ಹೊತ್ತಿಗೆ ಅಂಗಡಿಯವರು ಮಸೀದಿಯತ್ತ ನಡೆಯುತ್ತಾರೆ. 2016ರ ಜನವರಿಯಲ್ಲಿ ಸರಕಾರಿ ನೌಕರರಿಗೂ ಜುಮಾ ನಮಾಝಿಗೆ ಹೋಗಲು ಅನುಮತಿ ನೀಡುವ ಸುತ್ತೋಲೆ ಹೊರಟಿತು. ಈದುಲ್ ಫಿತ್ರ್‌ನ ಅಧಿಕೃತ ರಜೆ ಮೂರೂವರೆ ದಿನ, ಬಕ್ರೀದ್‌ನದು ನಾಲ್ಕೂವರೆ ದಿನ. ಆ ಅರ್ಧ ದಿನ ಹಬ್ಬದ ಹಿಂದಿನ ಮಧ್ಯಾಹ್ನ ಒಂದು ಗಂಟೆಗೇ ಆರಂಭವಾಗುತ್ತದೆ. ಹಬ್ಬ ಹಿಂದಿನ ಸಂಜೆಯೇ ಮನೆಗೆ ಬರುತ್ತದೆಂಬ ಹಳೆಯ ತಿಳಿವಳಿಕೆ ಸರಕಾರಿ ಕಾನೂನಿನೊಳಗೂ ಹೀಗೆ ಜಾಗ ಮಾಡಿಕೊಂಡಿದೆ. ದಿನಕ್ಕೊಂದು ಹಾಳೆ ಹರಿಯುವ ಗೋಡೆಯ ಕ್ಯಾಲೆಂಡರುಗಳಲ್ಲಿ ನಮಾಝಿನ ವೇಳೆಯನ್ನು ಈಗಿನ ಗಂಟೆಯ ಪಕ್ಕದಲ್ಲೇ ಸೂರ್ಯಾಸ್ತದ ಗಂಟೆಯಲ್ಲೂ ಮುದ್ರಿಸುವ ರೂಢಿ ಗಣರಾಜ್ಯದ ಕಾಲದಲ್ಲೂ ಮುಂದುವರಿದಿದೆ.

ಹಳೆಯದೆಲ್ಲ ಶ್ರೇಷ್ಠ ಎಂಬ ವಾದ ನಮ್ಮದಲ್ಲ. ಎರಡು ಗಂಟೆಗಳ ನಡುವೆ ಪರದಾಡಿದ ಪ್ರಯಾಣಿಕನ ಕಷ್ಟ ನಿಜವಾದದ್ದೇ. ಇಂದಿನ ಜಗತ್ತಿನಲ್ಲಿ ನಿತ್ಯ ಸೂರ್ಯಾಸ್ತಕ್ಕೆ ಗಡಿಯಾರ ತಿರುಗಿಸುತ್ತಾ ಕೂರಲು ಆಗದು. ಎಲ್ಲರಿಗೂ ಒಂದೇ ಗಂಟೆ ಇರುವುದರಲ್ಲಿ ಸಮಾನತೆಯೂ ಇದೆ. ಆದರೆ ಆ ಒಂದು ಗಂಟೆಯನ್ನು ಗೊತ್ತುಮಾಡುವಾಗ ಯಾರನ್ನು ಕೇಳಲಾಯಿತು ಎಂಬುದು ಮುಖ್ಯ. 1884ರಲ್ಲಿ ರುಸ್ತುಂ ಎಫೆಂದಿಗೆ ಹೊಲದಲ್ಲಿರುವವನ ನೆನಪಿತ್ತು. 1924ರಲ್ಲಿ ಅಲ್ಪಸಂಖ್ಯಾತ ವರ್ತಕರನ್ನು, 1935ರಲ್ಲಿ ಜುಮಾಕ್ಕೆ ಹೋಗುವವರನ್ನು, 2016ರಲ್ಲಿ ಮುಂಜಾನೆ ಎದ್ದು ಹೊರಡುವವರನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಆಳುವವರ ಹೆಸರು, ಸಿದ್ಧಾಂತ ಬೇರೆ ಬೇರೆಯಾಗಿತ್ತು. ಆದೇಶ ಮೇಲಿನಿಂದ ಬಂದ ರೀತಿ ಒಂದೇ ಆಗಿತ್ತು.

ಒಂದು ಸಮಾಜದ ವೇಳಾಪಟ್ಟಿ ನ್ಯಾಯವಾಗಿದೆಯೇ ಎಂದು ತಿಳಿಯಬೇಕಾದರೆ ಅಲ್ಲಿ ಎಲ್ಲರಿಗಿಂತ ಮೊದಲು ಏಳುವವರನ್ನು ವಿಚಾರಿಸಬೇಕು. ಇಸ್ತಾಂಬುಲ್‌ನಲ್ಲಿ ಅವರು ಈಗಲೂ ಜನವರಿಯ ಬೆಳಗಿನ ಕತ್ತಲಲ್ಲಿ ದೋಣಿಗಾಗಿ ಕಾಯುತ್ತಾರೆ.