ಚಿಕಿತ್ಸೆ ನಡೆಯುತ್ತಿರುವಾಗಲೇ ಮೂತ್ರಕೋಶದ ಕ್ಯಾನ್ಸರ್ ಮರಳಿದರೆ ಎಲ್ಲ ಮುಗಿಯಿತೇ?

ಆಪರೇಷನ್ ಆಗಿದೆ, ಔಷಧಿಯೂ ನಡೆಯುತ್ತಿದೆ. ಆದರೂ ಮೂರು ತಿಂಗಳ ತಪಾಸಣೆಯಲ್ಲಿ ಗಡ್ಡೆ ಮತ್ತೆ ಕಾಣಿಸಿತು ಎಂದರೆ ಮನೆಯವರೆಲ್ಲ ಕುಗ್ಗಿಹೋಗುತ್ತಾರೆ. ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳು ಶುರುವಾಗುತ್ತವೆ: ಕತ್ತಿ ತಾಗಿದ್ದಕ್ಕೇ ಹರಡಿತು, ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಯಿರಿ, ಆಸ್ಪತ್ರೆ ಬಿಟ್ಟುಬಿಡಿ. ಇವುಗಳಲ್ಲಿ ನಿಜವೆಷ್ಟು? ನೋಡೋಣ.

ಯಾಕೆ ಮರಳುತ್ತದೆ?

ಮೂತ್ರಕೋಶ ಎಂದರೆ ಕಿಡ್ನಿಯಲ್ಲ, ಮೂತ್ರ ತುಂಬಿಕೊಳ್ಳುವ ಚೀಲ. ಬೀಡಿ, ಸಿಗರೇಟಿನ ವಿಷವನ್ನು ಕಿಡ್ನಿ ಸೋಸಿ ಈ ಚೀಲಕ್ಕೆ ಕಳಿಸುತ್ತದೆ. ಒಳಪದರವೆಲ್ಲ ವರ್ಷಗಟ್ಟಲೆ ಅದರಲ್ಲೇ ನೆನೆದಿರುತ್ತದೆ. ಹಾಗಾಗಿ ಒಂದು ಕಡೆಯ ಗಡ್ಡೆ ತೆಗೆದರೂ ಇನ್ನೊಂದು ಕಡೆ ಹೊಸದು ಚಿಗುರಬಹುದು. ಈ ಕಾಯಿಲೆಯ ನಾಲ್ವರಲ್ಲಿ ಸುಮಾರು ಮೂವರಿಗೆ ಗಡ್ಡೆ ಒಳಪದರದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಇಂಥವರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಅದು ಮರಳುತ್ತದೆ. ವೈದ್ಯರು ಇದನ್ನು ಮೊದಲೇ ನಿರೀಕ್ಷಿಸಿರುತ್ತಾರೆ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಪರೀಕ್ಷೆ, ಅಂದರೆ ಸಿಸ್ಟೋಸ್ಕೋಪಿಗೆ ಕರೆಯುವುದು ಅದಕ್ಕಾಗಿಯೇ. ಪಥ್ಯ ತಪ್ಪಿದ್ದಕ್ಕೆ ಬಂತು ಎಂದು ರೋಗಿಯನ್ನು ದೂರಬೇಡಿ.

ಸುಳ್ಳು 1: ಬಿಸಿಜಿ ಟಿಬಿ ಲಸಿಕೆ, ಕ್ಯಾನ್ಸರಿಗೆ ಅದೇನು ಮಾಡುತ್ತದೆ?

ಮಕ್ಕಳ ತೋಳಿನ ಮೇಲೆ ಕಲೆ ಉಳಿಸುವ ಬಿಸಿಜಿಯನ್ನೇ 1976ರಿಂದ ಮೂತ್ರಕೋಶದ ಕ್ಯಾನ್ಸರಿಗೂ ಬಳಸುತ್ತಿದ್ದಾರೆ. ಸಣ್ಣ ನಳಿಕೆಯಿಂದ ಚೀಲದೊಳಗೆ ಬಿಟ್ಟಾಗ ಅದು ದೇಹದ ರಕ್ಷಣಾ ಶಕ್ತಿಯನ್ನು ಅಲ್ಲಿಗೆ ಎಬ್ಬಿಸಿ ಕರೆಯುತ್ತದೆ. ಮೊದಲು ವಾರಕ್ಕೊಂದರಂತೆ ಆರು ಬಾರಿ, ನಂತರ ಒಂದರಿಂದ ಮೂರು ವರ್ಷ ಆಗಾಗ ಕೊಡುತ್ತಾರೆ. ಒಂದೆರಡು ದಿನ ಉರಿ, ಸಣ್ಣ ಜ್ವರ ಸಾಮಾನ್ಯ. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಥವಾ ಎರಡು ದಿನವಾದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸುಳ್ಳು 2: ಮತ್ತೆ ಬಂತೆಂದರೆ ಚಿಕಿತ್ಸೆ ಸೋತಿತು

ಮರಳಿದ್ದು ಯಾವ ಬಗೆಯದು ಎಂಬುದು ಮುಖ್ಯ. ವೈದ್ಯರಿಗೆ ಈ ಮೂರು ಪ್ರಶ್ನೆ ಕೇಳಿ: ಇದು ಲೋ ಗ್ರೇಡೋ ಹೈ ಗ್ರೇಡೋ? ಸ್ನಾಯುವಿಗೆ ಇಳಿದಿದೆಯೇ? ಬಿಸಿಜಿ ಎಷ್ಟು ಡೋಸ್ ಪೂರ್ತಿಯಾಗಿದೆ? ಲೋ ಗ್ರೇಡ್ ಆಗಿದ್ದರೆ ಮತ್ತೆ ಗಡ್ಡೆ ಕೆರೆದು ತೆಗೆದು, ಔಷಧಿ ಬಿಟ್ಟು ನಿಭಾಯಿಸಬಹುದು. ಕೆಲವರಿಗೆ ಎರಡನೇ ಸುತ್ತಿನ ಬಿಸಿಜಿ ಕೆಲಸ ಮಾಡುತ್ತದೆ. ಸಾಕಷ್ಟು ಬಿಸಿಜಿ ಕೊಟ್ಟ ಮೇಲೂ ಹೈ ಗ್ರೇಡ್ ಮರಳಿದರೆ ಮೂತ್ರಕೋಶವನ್ನೇ ತೆಗೆಯುವ ಸಲಹೆ ಬರಬಹುದು. ಆಗ ಕರುಳಿನ ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡುತ್ತಾರೆ. ಹೊಟ್ಟೆಗೆ ಚೀಲ ಹಾಕಿಕೊಂಡು ಹೊಲದ ಕೆಲಸ, ಪ್ರಯಾಣ ಎಲ್ಲ ಮಾಡುವವರಿದ್ದಾರೆ. ಆಪರೇಷನ್ ಆಗದವರಿಗೆ ಬೇರೆ ಔಷಧಿಗಳೂ ಇವೆ. ಹೆದರಿ ತಿಂಗಳುಗಟ್ಟಲೆ ಮುಂದೂಡಿದರೆ ಕಾಯಿಲೆ ಸ್ನಾಯುವಿಗೆ ಇಳಿಯುವ ಅಪಾಯವಿದೆ.

ಸುಳ್ಳು 3: ಉಷ್ಣ ಆಗಿದೆ, ಎಳನೀರು ಕುಡಿದರೆ ಸಾಕು

ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದು ತಾನಾಗಿ ನಿಂತರೂ ಅದನ್ನು ಉಷ್ಣ ಎಂದು ಬಿಡಬೇಡಿ. ಎಳನೀರು, ಬಾರ್ಲಿ ನೀರು ಕುಡಿಯಲು ಒಳ್ಳೆಯದು, ಕ್ಯಾನ್ಸರಿಗೆ ಔಷಧವಲ್ಲ. ಲಕ್ಷ್ಮಣಫಲ, ಅಡುಗೆ ಸೋಡಾ ಕೂಡ ಅಷ್ಟೇ. ಕ್ಯಾನ್ಸರ್ ಮರಳುವ ಸಾಧ್ಯತೆ ತಗ್ಗಿಸಲು ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಬೀಡಿ, ಸಿಗರೇಟು ಬಿಡುವುದು. ಕಾಯಿಲೆ ಬಂದ ಮೇಲೆ ಬಿಟ್ಟರೂ ಲಾಭವಿದೆ.

ಕಿಕ್ಕೇರಿಯಂಥ ಊರಿನಿಂದ ಹೋಗಿಬರುವವರಿಗೆ

ಕಿಕ್ಕೇರಿ, ಕೆ.ಆರ್.ಪೇಟೆ ಕಡೆಯವರು ಈ ಚಿಕಿತ್ಸೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಒಂದು ದಿನದ ಕೂಲಿ, ಬಸ್ಸು, ಜೊತೆಗೊಬ್ಬರು ಎಂದು ಲೆಕ್ಕ ಹಾಕುವಷ್ಟರಲ್ಲಿ ಒಂದು ತಪಾಸಣೆ ತಪ್ಪಿಹೋಗುತ್ತದೆ. ಹಾಗಾಗದಿರಲು:

• ಮುಂದಿನ ತಪಾಸಣೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಟಾವು, ಮದುವೆ ಅದಕ್ಕೆ ಹೊಂದಿಕೊಳ್ಳಲಿ.
• ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶದ ಫೋಟೋ ಮೊಬೈಲಿನಲ್ಲಿರಲಿ.
• ಬಿಸಿಜಿ ಹಾಕಿಸಿಕೊಂಡ ದಿನ ಎರಡು ಗಂಟೆ ಮೂತ್ರ ತಡೆದು, ಆಸ್ಪತ್ರೆಯಲ್ಲೇ ಮುಗಿಸಿ ಬಸ್ಸು ಹತ್ತಿ. ಆರು ಗಂಟೆ ಕಾಲ ಬಯಲಲ್ಲಿ ಮಾಡಬೇಡಿ. ಗಂಡಸರೂ ಕೂತೇ ಮಾಡಲಿ. ಶೌಚಾಲಯಕ್ಕೆ ಬ್ಲೀಚ್ ಸುರಿದು 15–20 ನಿಮಿಷ ಬಿಟ್ಟು ನೀರು ಹಾಕಿ.
• 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ರೆಫರಲ್ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ.

ಕೊನೆಯ ಮಾತು

ಗಡ್ಡೆ ಮರಳುವುದು ಈ ಕಾಯಿಲೆಯ ಸ್ವಭಾವ. ಬೇಗ ಕಂಡರೆ ನಿಭಾಯಿಸಲು ದಾರಿಗಳಿವೆ. ಈ ಕಾಯಿಲೆ ಅಂಟುವುದಿಲ್ಲ, ಆಪರೇಷನ್ ಕತ್ತಿಯಿಂದ ಹರಡಿತು ಎಂಬ ಮಾತಿಗೂ ಆಧಾರವಿಲ್ಲ. ಎಲೆ ಕಷಾಯದ ಸಂದೇಶ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಈ ಚಿಕಿತ್ಸೆಯಲ್ಲಿರುವವರಿಗೆ ಒಂದು ಫೋನ್ ಮಾಡಿ, ಮುಂದಿನ ತಪಾಸಣೆ ಯಾವಾಗ ಎಂದು ಕೇಳಿ. ಜೊತೆಗೆ ಬರುತ್ತೇನೆ ಎಂದರೆ ಇನ್ನೂ ಒಳ್ಳೆಯದು.