ಸೆಲೆಟಾರ್‌ನ ವಿಮಾನಗಳು, ಕ್ಯಾಮೆರಾ ಕಂಡಂತೆ

ಸಿಂಗಪುರದ ಸೆಲೆಟಾರ್ ವಾಯುನೆಲೆಯಲ್ಲಿ 1954ರ ಏಪ್ರಿಲ್ 1ರಂದು ಪಿಎಸ್ 888 ಎಂಬ ಸಂಖ್ಯೆಯ ಸ್ಪಿಟ್‌ಫೈರ್ ವಿಮಾನವೊಂದು ಹಾರಾಟಕ್ಕೆ ಸಜ್ಜಾಯಿತು. ಅದರ ಎಂಜಿನ್ ಹೊದಿಕೆಯ ಮೇಲೆ ಯಾರೋ ‘ದಿ ಲಾಸ್ಟ್!’ ಎಂದು ಬಣ್ಣದಲ್ಲಿ ಬರೆದಿದ್ದರು. ಬ್ರಿಟಿಷ್ ವಾಯುಪಡೆಯ ಸ್ಪಿಟ್‌ಫೈರ್ ಕಾರ್ಯಾಚರಣೆಗೆ ಹಾರಿದ್ದು ಅದೇ ಕೊನೆ. ಜರ್ಮನಿಯ ಬಾಂಬರುಗಳನ್ನು ಅಟ್ಟಿ ಹೆಸರು ಮಾಡಿದ ವಿಮಾನದ ಈ ಕೊನೆಯ ಕೂಸಿನಲ್ಲಿ ಒಂದು ಬಂದೂಕೂ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಕ್ಯಾಮೆರಾ. 81ನೇ ಸ್ಕ್ವಾಡ್ರನ್‌ನ ಆ ವಿಮಾನ ಅಂದು ಜೊಹೋರ್ ಕಾಡಿನ ಚಿತ್ರ ತೆಗೆಯಲು ಹೊರಟಿತ್ತು. ಫೋಟೊ ತೆಗೆಯುವ ಯಂತ್ರವನ್ನೇ ಫೋಟೊ ತೆಗೆದಿಟ್ಟ ಈ ದೃಶ್ಯ ಹಳೆಯ ವಿಮಾನಚಿತ್ರಗಳ ಹುಚ್ಚಿರುವವರಿಗೆಲ್ಲ ಚಿರಪರಿಚಿತ.

ಆಗ್ನೇಯ ಏಷ್ಯಾದ ವಾಯುನೆಲೆಗಳ ಹಳೆಯ ಚಿತ್ರಗಳನ್ನು ಕೂಡಿಡುವ, ಗುರುತಿಸುವ, ಓದುವ ಕೆಲಸ ಈಗ ಒಂದು ಅಧ್ಯಯನ ಕ್ಷೇತ್ರವಾಗಿಯೇ ಬೆಳೆದಿದೆ. ಅದು ಬೆಳೆದ ಬಗೆಯನ್ನು ನೋಡಲು ಸೆಲೆಟಾರ್‌ಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ನಾಲ್ಕು ದಶಕಗಳ ಬ್ರಿಟಿಷ್ ವಿಮಾನಗಳು, ನಡುವೆ ಜಪಾನಿನ ಮೂರೂವರೆ ವರ್ಷ, ಗಾಜಿನ ನೆಗೆಟಿವ್‌ನಿಂದ ಬಣ್ಣದ ಸ್ಲೈಡ್‌ವರೆಗೆ ಎಲ್ಲವೂ ಈ ಒಂದೇ ನೆಲದಲ್ಲಿ ಹಾದುಹೋಗಿವೆ.

ಮೊದಲ ಘಟ್ಟ ನೀರಿನದು. ಸೂಪರ್‌ಮರೀನ್ ಸೌತಾಂಪ್ಟನ್ ಎಂಬ ನಾಲ್ಕು ಹಾರುದೋಣಿಗಳು 1927ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ಬಿಟ್ಟು 1928ರ ಫೆಬ್ರುವರಿ 28ರಂದು ಸೆಲೆಟಾರ್ ಮುಂದಿನ ಜೊಹೋರ್ ಜಲಸಂಧಿಯಲ್ಲಿ ಇಳಿದವು. ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುವ ವಿಮಾನಗಳಿವು. ಆ ತಂಡವೇ ಮರುವರ್ಷ 205ನೇ ಸ್ಕ್ವಾಡ್ರನ್ ಆಯಿತು. ಆಗಿನ ಚಿತ್ರಗಳಿಗೆ ಒಂದೇ ಉದ್ದೇಶ: ಸಾಮ್ರಾಜ್ಯದ ಕೈ ಎಷ್ಟು ದೂರ ಚಾಚುತ್ತದೆಂದು ತೋರಿಸುವುದು. ವಿಮಾನ ನಡುವೆ ಠೀವಿಯಿಂದ ನಿಂತಿರುತ್ತದೆ, ಅಧಿಕಾರಿಗಳು ಸಾಲಾಗಿರುತ್ತಾರೆ, ಅಡಿಬರಹದಲ್ಲಿ ಅವರ ಹೆಸರು, ಪದವಿ ಇರುತ್ತವೆ. 1938ರಲ್ಲಿ ಸಂಡರ್‌ಲ್ಯಾಂಡ್ ಹಾರುದೋಣಿಯನ್ನು ಮೊಟ್ಟಮೊದಲು ಪಡೆದ 230ನೇ ಸ್ಕ್ವಾಡ್ರನ್ ಇದ್ದದ್ದೂ ಇಲ್ಲೇ. ಅದೇ ಸಂಡರ್‌ಲ್ಯಾಂಡ್ ಬ್ರಿಟಿಷ್ ವಾಯುಪಡೆಯಲ್ಲಿ ಕೊನೆಯ ಬಾರಿ ಕಾರ್ಯಾಚರಣೆಗೆ ಹಾರಿದ್ದು 1959ರ ಮೇ 15ರಂದು, ಅದೂ ಇಲ್ಲಿಂದಲೇ. ಒಂದು ವಿಮಾನದ ಹುಟ್ಟೂ ಮುಕ್ತಾಯವೂ ಒಂದೇ ದಡದ ಹಿನ್ನೆಲೆಯಲ್ಲಿ ಚಿತ್ರವಾಗಿ ಉಳಿಯುವುದು ಅಪರೂಪ.

ಈ ಕಪ್ಪು ಬಿಳುಪು ಚಿತ್ರಗಳನ್ನು ಓದಲು ಕಣ್ಣಿಗೆ ಅಭ್ಯಾಸ ಬೇಕು. ಬ್ರಿಟಿಷ್ ವಿಮಾನಗಳ ಮೈಮೇಲಿನ ವೃತ್ತಚಿಹ್ನೆಯಲ್ಲಿ ನಡುವೆ ಕೆಂಪು, ಸುತ್ತ ಬಿಳಿ, ಹೊರಗೆ ನೀಲಿ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಹಾಗಾಗಿ ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ತೆಳು ಬೂದಿಯಾಗಿಯೂ ಬರುತ್ತವೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಇದು ತಿರುವುಮುರುವಾಗುತ್ತದೆ: ನೀಲಿ ಗಾಢವಾಗಿ, ಕೆಂಪು ಅದಕ್ಕಿಂತ ತಿಳಿಯಾಗಿ ಮೂಡುತ್ತದೆ. ಒಂದೇ ವಿಮಾನವನ್ನು ಒಂದೇ ದಿನ ಎರಡು ಬಗೆಯ ಫಿಲ್ಮ್‌ನಲ್ಲಿ ತೆಗೆದರೂ ಎರಡು ಬೇರೆ ವಿಮಾನಗಳೆಂದು ನಂಬಿಬಿಡಬಹುದು. ಫಿಲ್ಮ್ ಯಾವುದೆಂದು ಕೇಳದೆ ವಿಮಾನದ ಬಣ್ಣದ ಬಗ್ಗೆ ತೀರ್ಪು ಕೊಡಬಾರದೆಂಬ ಎಚ್ಚರ ಈ ಕ್ಷೇತ್ರಕ್ಕೆ ಬಂದದ್ದು ಬಹಳ ತಡವಾಗಿ.

ಎರಡನೇ ಮಹಾಯುದ್ಧ ಮತ್ತೊಂದು ಸುಳಿವು ಕೊಟ್ಟಿತು. ಜಪಾನ್ ವಿಮಾನಗಳ ಮೇಲೆ ಕೆಂಪು ಸೂರ್ಯ ಇರುತ್ತಿತ್ತು. ಗಡಿಬಿಡಿಯಲ್ಲಿ ತಮ್ಮ ವಿಮಾನವನ್ನು ತಾವೇ ಹೊಡೆದುರುಳಿಸುವ ಅಪಾಯ ತಪ್ಪಿಸಲು ಈ ಭಾಗದ ಬ್ರಿಟಿಷ್ ವಿಮಾನಗಳು ಕೆಂಪನ್ನೇ ಕೈಬಿಟ್ಟು ಎರಡು ಬಗೆಯ ನೀಲಿಯ ಚಿಹ್ನೆ ಧರಿಸಿದವು. ಬರ್ಮಾದಲ್ಲಿ ಕಾದಾಡಿದ ಭಾರತೀಯ ವಾಯುಪಡೆಯ ಹರಿಕೇನ್‌ಗಳ ಮೇಲೂ ಇದೇ ನೀಲಿ ಚಿಹ್ನೆ ಇತ್ತು. ಚಿತ್ರದಲ್ಲಿ ಈ ಚಿಹ್ನೆ ಕಂಡರೆ ದಿನಾಂಕ ಇಲ್ಲದಿದ್ದರೂ ಚಿಂತೆಯಿಲ್ಲ, ಕಾಲ ಸುಮಾರಾಗಿ ಗೊತ್ತಾದಂತೆ.

ಸೆಲೆಟಾರ್ 1942ರ ಫೆಬ್ರುವರಿಯಲ್ಲಿ ಜಪಾನ್ ಪಾಲಾಗಿ 1945ರ ಸೆಪ್ಟೆಂಬರ್‌ನಲ್ಲಿ ಮರಳಿತು. ಅದಾದ ಮೇಲಿನ ಕೆಲವು ತಿಂಗಳ ಚಿತ್ರಗಳು ನೋಡುಗರನ್ನು ಈಗಲೂ ತಬ್ಬಿಬ್ಬುಗೊಳಿಸುತ್ತವೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ 1945ರ ಡಿಸೆಂಬರ್‌ನ ಒಂದು ಚಿತ್ರವಿದೆ. ಮಲಯಾದ ಮೇಲೆ ಎರಡು ಜಪಾನಿ ರೈಡೆನ್ ಯುದ್ಧವಿಮಾನಗಳು ಜೋಡಿಯಾಗಿ ಹಾರುತ್ತಿವೆ. ಮೈಮೇಲಿರುವುದು ಬ್ರಿಟಿಷ್ ಚಿಹ್ನೆ, ಒಳಗೆ ಕುಳಿತಿರುವವರು ಜಪಾನಿ ಪೈಲಟ್‌ಗಳು. ಶತ್ರುವಿನ ವಿಮಾನಗಳನ್ನು ಪರೀಕ್ಷಿಸಲು ಮಿತ್ರಪಡೆಗಳು ಮಾಡಿದ್ದ ತಾಂತ್ರಿಕ ಗುಪ್ತಚರ ಘಟಕದ ಕೆಲಸವದು. ಆ ಘಟಕದ ಉದ್ದನೆಯ ಸಂಕ್ಷಿಪ್ತ ಹೆಸರನ್ನು ವಿಮಾನಗಳ ಮೈಮೇಲೇ ಬರೆಯುತ್ತಿದ್ದರು. ಆ ಅಕ್ಷರಗಳನ್ನು ಗಮನಿಸದವರಿಗೆ ಇದು ಯಾರೋ ಕೈಯಾಡಿಸಿದ ಚಿತ್ರವೆಂದೇ ತೋರುತ್ತದೆ.

ಮಲಯಾದಲ್ಲಿ 1948ರಿಂದ 1960ರವರೆಗೆ ನಡೆದ ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆಲೆಟಾರ್ ಚಿತ್ರಗಳ ಸ್ವಭಾವವೇ ಬದಲಾಯಿತು. ದಟ್ಟ ಕಾಡಿನೊಳಗಿನ ಕಮ್ಯುನಿಸ್ಟ್ ಗೆರಿಲ್ಲಾಗಳನ್ನು ಹುಡುಕಲು ಸರಿಯಾದ ನಕ್ಷೆಗಳು ಬೇಕಿದ್ದವು. 81ನೇ ಸ್ಕ್ವಾಡ್ರನ್‌ನ ಸ್ಪಿಟ್‌ಫೈರ್‌ಗಳೂ ಮಸ್ಕಿಟೊಗಳೂ ಮೇಲಿನಿಂದ ಚಿತ್ರ ತೆಗೆಯುತ್ತ ಹೋದವು. ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಲೆಕ್ಕ ಹಾಕಿ ಕ್ಯಾಮೆರಾ ಓಡಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಜೋಡಿ ಮಸೂರದಲ್ಲಿ ನೋಡಿದರೆ ಬೆಟ್ಟ ಎದ್ದು ನಿಲ್ಲುತ್ತದೆ, ಕಣಿವೆ ಇಳಿಯುತ್ತದೆ. ಈ ಸ್ಕ್ವಾಡ್ರನ್‌ನ ಮಸ್ಕಿಟೊ 1955ರ ಡಿಸೆಂಬರ್ 15ರಂದು ಕೊನೆಯ ಕಾರ್ಯಾಚರಣೆಗೆ ಹಾರಿತು. ಬ್ರಿಟಿಷ್ ವಾಯುಪಡೆಯ ಕೊನೆಯ ಬ್ಯೂಫೈಟರ್ ಹಾರಾಟವೂ 1960ರ ಮೇ 12ರಂದು ಸೆಲೆಟಾರ್‌ನಲ್ಲೇ ನಡೆಯಿತು. ಇಷ್ಟೊಂದು ಹೆಸರಾಂತ ವಿಮಾನಗಳ ಅಂತಿಮ ಚಿತ್ರಗಳು ಒಂದೇ ನೆಲೆಯಲ್ಲಿ ಸಿಗಲು ಕಾರಣವಿದೆ. ಯುರೋಪಿನಲ್ಲಿ ಜೆಟ್‌ಗಳು ಬಂದು ಹಳತಾದ ವಿಮಾನಗಳು ದೂರದ ಪೂರ್ವದಲ್ಲಿ ಇನ್ನಷ್ಟು ವರ್ಷ ದುಡಿದವು.

ವಾಯುಪಡೆ ಹೀಗೆ ಮೇಲಿನಿಂದ ತೆಗೆದ ಸಿಂಗಪುರದ ಚಿತ್ರಗಳು ಈಗ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೆಲಸಮವಾದ ಕಂಪಾಂಗ್‌ಗಳು ಅಂದರೆ ಹಳ್ಳಿಗಳು, ತುಂಬಿಸುವ ಮೊದಲಿನ ಕಡಲಂಚು, ರಬ್ಬರ್ ತೋಟಗಳು ಎಲ್ಲವೂ ಅವುಗಳಲ್ಲಿ ಸಿಗುತ್ತವೆ. ಯುದ್ಧದ ಕಣ್ಣಿಗೆಂದು ತೆಗೆದ ಚಿತ್ರಗಳು ಊರಿನ ನೆನಪಿಗೆ ಆಧಾರವಾಗಿರುವುದನ್ನು ಈ ಕ್ಷೇತ್ರದ ದೊಡ್ಡ ಲಾಭವೆಂದೇ ನಾನು ಎಣಿಸುತ್ತೇನೆ.

ಇಲ್ಲಿಯವರೆಗಿನದೆಲ್ಲ ಬಹುಮಟ್ಟಿಗೆ ಸರ್ಕಾರಿ ಕ್ಯಾಮೆರಾದ ಕಥೆ. ಆದರೆ ನನ್ನ ಮನಸ್ಸು ಒಲಿಯುವುದು ಕೆಳಹಂತದ ಸಿಬ್ಬಂದಿ ಸ್ವಂತಕ್ಕೆ ತೆಗೆದ ಚಿತ್ರಗಳ ಕಡೆಗೆ. ಬ್ರಿಟನ್ನಿನಲ್ಲಿ 1963ರವರೆಗೂ ಕಡ್ಡಾಯ ಸೇನಾಸೇವೆಯ ಹುಡುಗರಿದ್ದರು. ಫಿಟ್ಟರ್‌ಗಳು, ವೈರ್‌ಲೆಸ್ ಮೆಕ್ಯಾನಿಕ್‌ಗಳು, ಗುಮಾಸ್ತರಾಗಿ ಬಂದ ಇವರು ಊರಿನವರಿಗೆ ತೋರಿಸಲೆಂದು ಕ್ಲಿಕ್ಕಿಸಿದರು. ಅವರಿಗೆ ಠೀವಿಯ ಹಂಗಿಲ್ಲ. ವಿಮಾನದ ಅರ್ಧ ಬಾಲ ಚೌಕಟ್ಟಿನಾಚೆ ಹೋಗಿರುತ್ತದೆ, ರೆಕ್ಕೆಯ ನೆರಳಲ್ಲಿ ಒಬ್ಬ ಮಲಗಿರುತ್ತಾನೆ, ಬಿಚ್ಚಿಟ್ಟ ಎಂಜಿನ್ ಹೊದಿಕೆಯ ಪಕ್ಕದಲ್ಲಿ ಏಣಿ, ಎಣ್ಣೆಯ ತಟ್ಟೆ, ಚಹದ ಮಗ್. ಹ್ಯಾಂಗರ್‌ನಲ್ಲಿ ದಿನದ ಕೆಲಸ ಹೇಗೆ ಸಾಗುತ್ತಿತ್ತೆಂದು ತಿಳಿಯಲು ಈ ಚಿತ್ರಗಳನ್ನು ಬಿಟ್ಟರೆ ಗತಿಯಿಲ್ಲ. ಕರಡಿನಂತಿರುವ ಇವುಗಳನ್ನು ಸಂಗ್ರಹಾಲಯಗಳು ಬಹುಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ.

ಅರವತ್ತರ ದಶಕದಲ್ಲಿ ಬಣ್ಣದ ಸ್ಲೈಡ್‌ಗಳು ಹೆಚ್ಚಾದವು. ಭಾರೀ ಸರಕು ಹೊರುವ ಬೆವರ್ಲಿ, ಎರಡು ರೋಟರ್‌ಗಳ ಬೆಲ್ವಡೀರ್ ಹೆಲಿಕಾಪ್ಟರ್, ಇಂಡೊನೇಷ್ಯಾದೊಡನೆ 1963ರಿಂದ 66ರವರೆಗೆ ನಡೆದ ಮುಖಾಮುಖಿಯ ಕಾಲದ ಓಡಾಟ ಎಲ್ಲವೂ ಬಣ್ಣದಲ್ಲಿ ಸಿಗುತ್ತವೆ. ಆದರೆ ಫಿಲ್ಮ್ ಯಾವುದೆನ್ನುವುದು ಇಲ್ಲೂ ಮುಖ್ಯ. ಕತ್ತಲಲ್ಲಿಟ್ಟ ಕೊಡಕ್ರೋಮ್ ಅರವತ್ತು ವರ್ಷದ ನಂತರವೂ ಹೊಸದರಂತಿದ್ದರೆ, ಅದೇ ಕಾಲದ ಎಕ್ಟಾಕ್ರೋಮ್ ಕೆಂಪಡರಿ ಕುಳಿತಿರುತ್ತದೆ. ಸಿಂಗಪುರದ ತೇವದಲ್ಲಿ ಬೂಷ್ಟು ಬೇರೆ. ಸ್ಲೈಡ್‌ನ ರಟ್ಟಿನ ಚೌಕಟ್ಟಿನ ಮೇಲೆ ಕೊಡಕ್ ಒತ್ತಿದ ತಿಂಗಳು ಮತ್ತು ವರ್ಷ ಸಂಶೋಧಕರಿಗೆ ದೊಡ್ಡ ನೆರವು. ಆದರೆ ಅದು ಫಿಲ್ಮ್ ತೊಳೆದ ತಿಂಗಳು, ಚಿತ್ರ ತೆಗೆದದ್ದಲ್ಲ. ರೀಲು ಮುಗಿಯುವವರೆಗೆ ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಕುಳಿತಿರಬಹುದು. ಸ್ಲೈಡ್ ಮಗುಚಿ ಸ್ಕ್ಯಾನ್ ಆಗುವುದೂ ಉಂಟು. ಆಗ ಸಂಖ್ಯೆ ಕಾಣದಿದ್ದರೆ ವಿಮಾನದ ರಚನೆಯೇ ಸಾಕ್ಷಿ. ಸಂಡರ್‌ಲ್ಯಾಂಡ್‌ನ ಮೂತಿಯ ಬಳಿಯ ಬಾಗಿಲು ಎಡಬದಿಯದು. ಅದು ಬಲಕ್ಕೆ ಬಂದಿದ್ದರೆ ಚಿತ್ರ ತಿರುವಿದೆ ಎಂದರ್ಥ.

ಇದೇ ದಶಕದಲ್ಲಿ ಥಾಯ್ಲೆಂಡ್‌ನ ಉಡಾನ್, ಉಬಾನ್, ಕೋರಾಟ್, ತಾಖ್ಲಿ ನೆಲೆಗಳಲ್ಲಿ ವಿಯೆಟ್ನಾಂ ಯುದ್ಧಕ್ಕೆಂದು ಬಂದಿದ್ದ ಅಮೆರಿಕದ ಸೈನಿಕರು ತೆಗೆದ ಸ್ಲೈಡ್‌ಗಳು ಈ ಕ್ಷೇತ್ರವನ್ನು ಒಮ್ಮೆಲೇ ಹಿಗ್ಗಿಸಿದವು. ತನ್ನ ನೆಲದಿಂದ ವಿಮಾನಗಳು ಬಾಂಬ್ ದಾಳಿಗೆ ಹೋಗುತ್ತಿರುವುದನ್ನು ಥಾಯ್ ಸರ್ಕಾರ 1967ರವರೆಗೆ ಬಹಿರಂಗವಾಗಿ ಒಪ್ಪಿರಲಿಲ್ಲ. ಹಾಗಾಗಿ ಸೈನಿಕರ ಟ್ರಂಕಿನೊಳಗಿನ ಸ್ಲೈಡ್‌ಗಳ ತೂಕ ಹೆಚ್ಚು. ಅಲ್ಲಿ ಕಾಲ ಗುರುತಿಸುವ ಬಗೆ ಬೇರೆ. ಬೆಳ್ಳಿಯ ಮೈಯ ಎಫ್-105 ಯುದ್ಧವಿಮಾನ ಕಂಡರೆ ಹೆಚ್ಚಾಗಿ ಅದು ಮೊದಲ ವರ್ಷಗಳದು. 1965ರಿಂದಾಚೆ ಎರಡು ಹಸಿರು, ಒಂದು ಕಂದು ಬಣ್ಣದ ಮರೆವೇಷ ಬಂತು. ಮುಂದೆ ಬಾಲದ ಮೇಲೆ ಎರಡಕ್ಷರದ ಗುರುತು ಬಂದಾಗ ಉಬಾನ್‌ನವು ಎಫ್, ಉಡಾನ್‌ನವು ಓ, ಕೋರಾಟ್‌ನವು ಜೆ, ತಾಖ್ಲಿಯವು ಆರ್ ಅಕ್ಷರದಿಂದ ಶುರುವಾದವು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ವಿಯೆಟ್ನಾಂ ಪತ್ರಾಗಾರ ಇಂಥ ಖಾಸಗಿ ಸಂಗ್ರಹಗಳನ್ನು ಗೌರವದಿಂದ ಬರಮಾಡಿಕೊಂಡಿತು. ಮನೆಯ ಅಟ್ಟದ ಪೆಟ್ಟಿಗೆ ಚರಿತ್ರೆಯ ಆಕರವೆಂದು ಒಪ್ಪಿದ್ದು ದೊಡ್ಡ ಹೆಜ್ಜೆ.

ಕನ್ನಡಿಗರಿಗೆ ಇಲ್ಲೊಂದು ಎಳೆ ಸಿಗುತ್ತದೆ. ಸೆಲೆಟಾರ್‌ನ 205ನೇ ಸ್ಕ್ವಾಡ್ರನ್ ಯುದ್ಧದ ಹೊತ್ತಿಗೆ ಹಾರಿಸುತ್ತಿದ್ದದ್ದು ಕ್ಯಾಟಲೀನಾ ಹಾರುದೋಣಿ. ಅದೇ ಜಾತಿಯ ಕ್ಯಾಟಲೀನಾಗಳು ಯುದ್ಧಕಾಲದಲ್ಲಿ ದುರಸ್ತಿಗೆಂದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯ ಮೇಲೆ. ಕಾರ್ಖಾನೆಯಲ್ಲಿ ದುಡಿದ ಹಿರಿಯರ ಮನೆಗಳಲ್ಲಿ ಅಂದಿನ ಫೋಟೊ ಇದ್ದರೆ ದಯವಿಟ್ಟು ಅದರ ಹಿಂಬದಿಯನ್ನೂ ನೋಡಿ. ಸ್ಟುಡಿಯೊ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಹೆಸರು, ಸೆನ್ಸಾರ್ ಗುರುತು ಇರುವುದು ಅಲ್ಲಿ. ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಮೂಲವನ್ನು ಎಸೆದವರು ಅರ್ಧ ದಾಖಲೆಯನ್ನು ಎಸೆದಂತೆ.

ಈಗಿನ ದೊಡ್ಡ ಆತಂಕ ಯಂತ್ರದ ಕೈಗೆ ಕೊಟ್ಟು ಬಣ್ಣ ತುಂಬಿಸುವುದು, ಮಸುಕನ್ನು ಚುರುಕುಗೊಳಿಸುವುದು. ಚಿತ್ರದಲ್ಲಿ ಕಾಣದ ಅಂಕಿಯನ್ನು ಯಂತ್ರ ಊಹಿಸಿ ಬರೆಯುತ್ತದೆ, ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ನ ಕಪ್ಪನ್ನು ಕಪ್ಪೆಂದೇ ನಂಬುತ್ತದೆ. ವಿಮಾನದ ಸಂಖ್ಯೆಯ ಒಂದಂಕಿ ಬದಲಾದರೆ ವಿಮಾನವೇ ಬದಲಾಯಿತು. ಅಂಥ ಚಿತ್ರ ಮೂಲದ ಜಾಗದಲ್ಲಿ ಹರಡುವುದನ್ನು ನಾನು ಖಂಡಿತ ಒಪ್ಪಲಾರೆ.

ಬ್ರಿಟಿಷರು ಸೆಲೆಟಾರ್ ಬಿಟ್ಟದ್ದು 1969ರ ಮಾರ್ಚ್‌ನಲ್ಲಿ. ಇಂದು ಅಲ್ಲಿ ಸಣ್ಣ ವಿಮಾನಗಳ ನಿಲ್ದಾಣವೂ ವಿಮಾನೋದ್ಯಮದ ಕಾರ್ಖಾನೆಗಳೂ ಇವೆ. ಹಳೆಯ ಆಲ್ಬಮ್‌ಗಳಲ್ಲಿ ಮಲಯ, ಚೀನೀ, ಭಾರತೀಯ ಕೆಲಸಗಾರರು ಮತ್ತೆ ಮತ್ತೆ ಕಾಣಿಸುತ್ತಾರೆ. ಹಗ್ಗ ಎಳೆಯುತ್ತ, ದೋಣಿ ನಡೆಸುತ್ತ, ರೆಕ್ಕೆ ತೊಳೆಯುತ್ತ ಇರುವ ಅವರ ಹೆಸರು ಅಡಿಬರಹದಲ್ಲಿ ಬರುವುದಿಲ್ಲ. ಪಕ್ಕದ ವಿಮಾನದ ಸಂಖ್ಯೆ ಮಾತ್ರ ತಪ್ಪದೆ ಇರುತ್ತದೆ. ಸಿಂಗಪುರದ ರಾಷ್ಟ್ರೀಯ ಪತ್ರಾಗಾರ 2015ರಲ್ಲಿ ಶುರುಮಾಡಿದ ಯೋಜನೆಯೊಂದರಲ್ಲಿ ಹಳೆಯ ಚಿತ್ರಗಳಿಗೆ ಸಾರ್ವಜನಿಕರೇ ವಿವರ ಬರೆಯಬಹುದು. ನೆಲೆ ಮುಚ್ಚಿದಾಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದವರಿಗೆ ಈಗ ಎಂಬತ್ತು ತುಂಬಿದೆ. ಸಂಡರ್‌ಲ್ಯಾಂಡ್‌ಗೆ ಹಗ್ಗ ಕಟ್ಟುತ್ತಿರುವ ಆ ಹೆಸರಿಲ್ಲದವರು ಯಾರೆಂದು ಕೇಳಬೇಕಾದ್ದು ಮೊದಲು ಈ ಹಿರಿಯರನ್ನು, ಅದೂ ಈ ಕೆಲವೇ ವರ್ಷಗಳಲ್ಲಿ.