ಕರ್ನಾಟಕದಲ್ಲಿ ಮರಣದಂಡನೆ ಮತ್ತು ತಪ್ಪು ತೀರ್ಪುಗಳು

ಮರಣದಂಡನೆಯ ಪ್ರಕರಣಗಳಲ್ಲಿ ನ್ಯಾಯಾಲಯಗಳಿಂದಾದ ತಪ್ಪುಗಳನ್ನು ಕುರಿತ ಬರಹಗಳಲ್ಲಿ ಎರಡು ಸಂಗತಿಗಳು ಕಲಸಿಹೋಗುವುದುಂಟು. ನಿರಪರಾಧಿಗೆ ಶಿಕ್ಷೆಯಾಗುವುದು ಒಂದು. ಅಪರಾಧ ಸಾಬೀತಾದವನಿಗೆ ಕಾನೂನು ಒಪ್ಪದ ಕಾರಣಕ್ಕೆ ಗಲ್ಲು ವಿಧಿಸುವುದು ಇನ್ನೊಂದು. ಗಲ್ಲುಶಿಕ್ಷೆ ಜೀವಾವಧಿಗೆ ಇಳಿದ ಮಾತ್ರಕ್ಕೆ ಕೈದಿ ದೋಷಮುಕ್ತನಾಗುವುದಿಲ್ಲ. ಕರ್ನಾಟಕದಲ್ಲಿ ಹೆಚ್ಚು ಸ್ಪಷ್ಟವಾಗಿ ದಾಖಲಾಗಿರುವುದು ಎರಡನೆಯ ಬಗೆಯ ತಪ್ಪು.

ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು ಗಲ್ಲನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣದಂಡನೆ ಕಡ್ಡಾಯ ಎನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 303ನೇ ಕಲಮನ್ನು 1983ರಲ್ಲಿ ಮಿಠ್ಠು ಪ್ರಕರಣದ ಸಂವಿಧಾನ ಪೀಠ ರದ್ದುಪಡಿಸಿತು.

ಹೀಗೆ ಸತ್ತುಹೋದ ಕಲಮು ಕಲಬುರಗಿಯ ಸಾಯಿಬಣ್ಣ ಪ್ರಕರಣದಲ್ಲಿ ಮತ್ತೆ ತಲೆಯೆತ್ತಿತು. ಮೊದಲ ಹೆಂಡತಿಯ ಕೊಲೆಗೆ ಶಿಕ್ಷೆಗೊಳಗಾಗಿದ್ದ ಆತ 1994ರಲ್ಲಿ ಪೆರೋಲ್ ಮೇಲೆ ಬಂದಾಗ ಎರಡನೆಯ ಹೆಂಡತಿಯನ್ನೂ ಮಗುವನ್ನೂ ಕೊಂದ. ಜೀವಾವಧಿ ಅನುಭವಿಸುತ್ತಿರುವವನಿಗೆ ಮತ್ತೊಂದು ಜೀವಾವಧಿ ವಿಧಿಸಲಾಗದು ಎಂಬ ತರ್ಕದಿಂದ ಸುಪ್ರೀಂ ಕೋರ್ಟ್ 2005ರಲ್ಲಿ ಗಲ್ಲನ್ನು ಎತ್ತಿಹಿಡಿಯಿತು. ರದ್ದಾದ ಕಲಮೂ ಹೇಳುತ್ತಿದ್ದುದು ಇದನ್ನೇ. ಈ ತೀರ್ಪು ಮಿಠ್ಠು ಮತ್ತು ಬಚ್ಚನ್ ಸಿಂಗ್ ತೀರ್ಪುಗಳಿಗೆ ಹೊಂದುವುದಿಲ್ಲವೆಂದು 2009ರ ಬರಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ತಪ್ಪು ತೀರ್ಪುಗಳಿಂದ ಗಲ್ಲಿಗೆ ಗುರಿಯಾದ 13 ಮಂದಿಯ ಶಿಕ್ಷೆ ತಗ್ಗಿಸುವಂತೆ 2012ರಲ್ಲಿ 14 ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗೆ ಬರೆದರು, ಸಾಯಿಬಣ್ಣ ಆ 13 ಮಂದಿಯಲ್ಲೊಬ್ಬ. ಆದರೂ 2013ರ ಜನವರಿಯಲ್ಲಿ ಆತನ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2023ರಲ್ಲಿ ಕರ್ನಾಟಕ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅದಕ್ಕೆ ಮುಖ್ಯ ಆಧಾರವಾದದ್ದು ಅರ್ಜಿಯ ಇತ್ಯರ್ಥಕ್ಕಾದ ಏಳು ವರ್ಷಕ್ಕೂ ಮೀರಿದ ವಿಳಂಬ ಮತ್ತು ಏಕಾಂತ ಸೆರೆ. ಅಷ್ಟರಲ್ಲಿ ಸುಪ್ರೀಂ ಕೋರ್ಟ್ ಮೂಲ ತಪ್ಪನ್ನು ಒಪ್ಪಿಕೊಂಡು ಹದಿನಾಲ್ಕು ವರ್ಷ ಕಳೆದಿತ್ತು. ರಾಜ್ಯದ ಮರಣದಂಡನೆಯ ಇತಿಹಾಸದಲ್ಲಿ ಇದಕ್ಕಿಂತ ಗಂಭೀರವಾದ ಲೋಪವನ್ನು ಗುರುತಿಸುವುದು ಕಷ್ಟ.

1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಕಾಡುಗಳ್ಳ ವೀರಪ್ಪನ್ ಸಹಚರರೆನ್ನಲಾದ ನಾಲ್ವರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 2001ರಲ್ಲಿ ಜೀವಾವಧಿ ವಿಧಿಸಿತ್ತು. ಮೇಲ್ಮನವಿಯ ವಿಚಾರಣೆಯಲ್ಲಿ, 2004ರಲ್ಲಿ, ಸುಪ್ರೀಂ ಕೋರ್ಟ್ ತಾನಾಗಿಯೇ ಅದನ್ನು ಗಲ್ಲುಶಿಕ್ಷೆಗೆ ಹೆಚ್ಚಿಸಿತು. 2014ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ, ಕ್ಷಮಾದಾನದ ವಿಳಂಬದಿಂದಾಗಿ, ನಾಲ್ವರ ಜೀವ ಉಳಿಯಿತು.

ಶಿಕ್ಷೆಯ ಜಾರಿಯಲ್ಲೂ ಲೋಪವಾದದ್ದುಂಟು. ಬೆಂಗಳೂರಿನ ಕೊಲೆ ಪ್ರಕರಣವೊಂದರಲ್ಲಿ ಗಲ್ಲಿಗೆ ಗುರಿಯಾಗಿದ್ದ ಬಿ.ಎ. ಉಮೇಶನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 2006ರಿಂದ 2016ರವರೆಗೆ ಏಕಾಂತದಲ್ಲಿಟ್ಟದ್ದು ಕಾನೂನುಬಾಹಿರವೆಂದು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿ ಗಲ್ಲನ್ನು ತಗ್ಗಿಸಿತು. ಕೊಲೆಯ ತೀರ್ಪು ಹಾಗೆಯೇ ಉಳಿಯಿತು.

ಮೊದಲ ಬಗೆಯ ತಪ್ಪಿಗೆ ತೀರ ಹತ್ತಿರದ್ದು ಕುಶಾಲನಗರ ತಾಲ್ಲೂಕಿನ ಬುಡಕಟ್ಟು ವ್ಯಕ್ತಿಯೊಬ್ಬನ ಪ್ರಕರಣ. ಬೆಟ್ಟದಪುರ ಬಳಿ ಸಿಕ್ಕ ಅಸ್ಥಿಪಂಜರ ಆತನ ಹೆಂಡತಿಯದೆಂದು ಪೊಲೀಸರು ಗಲ್ಲಿಗೂ ಅವಕಾಶವಿದ್ದ ಕೊಲೆ ಆರೋಪ ಹೊರಿಸಿದರು. ಡಿಎನ್‌ಎ ವರದಿ ಬರುವ ಮುನ್ನವೇ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. ವರದಿ ಬಂದಾಗ ಹೊಂದಾಣಿಕೆ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಪತ್ತೆಯಾದಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಆತನನ್ನು ಖುಲಾಸೆಗೊಳಿಸಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.